ಅಕ್ಕನ ಹೆಸರಿನ ಸಾಲ

2020ರ ಜೂನ್‌ನಲ್ಲಿ, ಲಾಕ್‌ಡೌನ್‌ನಿಂದಾಗಿ, ಬೆಂಗಳೂರಿನಲ್ಲಿ ನನ್ನ ಕೆಲಸ ಹೋಯಿತು. ಅರಸೀಕೆರೆಯಲ್ಲಿ ಟೀಚರ್ ಆಗಿರುವ ಅಕ್ಕ ಹೆಚ್ಚು ಮಾತಾಡದೆ ತನ್ನ ಕ್ರೆಡಿಟ್ ಕಾರ್ಡಿಗೆ ನನ್ನ ಹೆಸರಲ್ಲೊಂದು ಆಡ್-ಆನ್ ಕಾರ್ಡ್ ಮಾಡಿಸಿ ಕಳಿಸಿದಳು. "ಕೆಲಸ ಸಿಗೋವರೆಗೆ ಇಟ್ಕೋ, ಬಿಲ್ಲು ನೀನೇ ಕಟ್ಕೊಂಡು ಹೋಗು" ಅಂದಳು, ಅಷ್ಟೇ. ಬಿಲ್ಲು ಅವಳ ಇ-ಮೇಲ್‌ಗೆ ಬರುತ್ತಿತ್ತು. ಆ ಇ-ಮೇಲ್ ಮಾಡಿಕೊಟ್ಟವಳು ನಾನು, ತೆಗೆದು ನೋಡುತ್ತಿದ್ದವಳೂ ನಾನೇ. ಫೋನಿಗೆ ಬರುವ ಮೆಸೇಜುಗಳನ್ನು ಅವಳು ನನ್ನ ಮೇಲಿನ ನಂಬಿಕೆಯಿಂದ ಓದುತ್ತಲೇ ಇರಲಿಲ್ಲ.

ಮೊದಲು ದಿನಸಿ, ಅಮ್ಮನ ಬಿಪಿ ಮಾತ್ರೆ. ಬಾಡಿಗೆಗೆಂದು ಎಟಿಎಂನಲ್ಲಿ ಅದೇ ಕಾರ್ಡ್ ಹಾಕಿ ನಗದು ತೆಗೆದೆ. ಹಾಗೆ ತೆಗೆದ ನಗದಿಗೆ ಆ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ. ಮುಂದೆ ಕಡಿಮೆ ಸಂಬಳದ ಕೆಲಸ ಸಿಕ್ಕಿತು. ಕಾರ್ಡು ಮಾತ್ರ ಪರ್ಸಿನಲ್ಲೇ ಉಳಿಯಿತು. 23,000 ರೂಪಾಯಿಯ ಫೋನ್, ಹಬ್ಬಕ್ಕೆ ಬಟ್ಟೆ, ರಾತ್ರಿ ತರಿಸಿಕೊಂಡ ಊಟ. ಇವಕ್ಕೆ ಲಾಕ್‌ಡೌನ್ ಕಾರಣವಲ್ಲ.

ಪ್ರತಿ ತಿಂಗಳು ಮಿನಿಮಮ್ ಡ್ಯೂ ಕಟ್ಟುತ್ತಿದ್ದೆ. ಕಟ್ಟಿದ ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು. ಬಾಕಿ 1,84,000 ಆದಾಗ ಮೊದಲ ಸಲ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ ಮೂರೂವರೆ ಪರ್ಸೆಂಟಿನಂತೆ ಬಡ್ಡಿ 6,440. ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು ಹತ್ತಿರಹತ್ತಿರ 7,600. ನಾನು ಕಟ್ಟುತ್ತಿದ್ದ 9,200ರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 1,600 ಮಾತ್ರ. ಅದೇ ವಾರ ನಾನು ಕಾರ್ಡಿನಲ್ಲಿ ಅದಕ್ಕಿಂತ ಹೆಚ್ಚು ಉಜ್ಜಿದ್ದೆ. ಆಮೇಲೆ ಎರಡು ತಿಂಗಳು ಆ ಮಿನಿಮಮ್ ಡ್ಯೂ ಕೂಡ ಕಟ್ಟಲಾಗದೆ ತಪ್ಪಿಸಿದೆ.

2022ರಲ್ಲಿ ಅಕ್ಕ ಮನೆ ಕಟ್ಟಲು ಸಾಲಕ್ಕೆ ಅರ್ಜಿ ಹಾಕಿದಳು. ಸಿಬಿಲ್ ಸ್ಕೋರ್ ಬಿದ್ದಿದೆ, ಕಾರ್ಡಿನ ಕಂತು ತಪ್ಪಿದೆ ಎಂದು ಬ್ಯಾಂಕಿನವರು ಅರ್ಜಿ ತಡೆದರು. ಅಕ್ಕ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಎಷ್ಟಿದೆ?"

"ಒಂದು ಲಕ್ಷದ ಹತ್ರ" ಅಂದೆ.

ಸಾಲ ಮಾಡಿದ್ದಕ್ಕಿಂತ ಹೆಚ್ಚಾಗಿ ಆ ಸುಳ್ಳು ನನ್ನನ್ನು ಸುಟ್ಟಿತು. ಕೆಲಸ ಹೋದದ್ದು ನನ್ನ ಕೈಯಲ್ಲಿರಲಿಲ್ಲ, ಹಸಿವೂ ನಿಜ. ಆದರೆ ಆ ಉತ್ತರ ಪೂರ್ತಿ ನನ್ನದು. ಆಡ್-ಆನ್ ಕಾರ್ಡನ್ನು ಯಾರೇ ಬಳಸಲಿ, ಬ್ಯಾಂಕಿನ ಪಾಲಿಗೆ ಸಾಲಗಾರರು ಮೂಲ ಕಾರ್ಡಿನವರು. ವಸೂಲಿಯ ಫೋನ್ ಬರುವುದು ಅವರಿಗೆ, ಹೆಸರು ಕೆಡುವುದು ಅವರದು. ನನ್ನನ್ನು ಯಾರೂ ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ, ನಾನಾಗಿ ಹೋಗಿ ನಿಲ್ಲದಿದ್ದರೆ ಈ ಸಾಲ ಎಂದೆಂದಿಗೂ ಅಕ್ಕನದೇ ಆಗುತ್ತದೆ ಅನ್ನಿಸಿತು.

ಭಾನುವಾರ ಎರಡು ವರ್ಷದ ಸ್ಟೇಟ್‌ಮೆಂಟುಗಳನ್ನು ಪ್ರಿಂಟ್ ತೆಗೆಸಿ ಬೆಳಗಿನ ರೈಲು ಹತ್ತಿದೆ. ಅಕ್ಕ, ಭಾವ ಇಬ್ಬರ ಮುಂದೆಯೂ ಒಂದೊಂದೇ ಸಾಲು ಓದಿದೆ. ಬೇಕಾಗಿದ್ದಕ್ಕೆ ನೀಲಿ ಗೆರೆ, ಬೇಡದ್ದಕ್ಕೆ ಕೆಂಪು. ಭಾವ ನಡುವೆ ಎದ್ದು ಹೊರಗೆ ಹೋದರು. ಅಕ್ಕ ಕೊನೆಯವರೆಗೂ ಕೂತಿದ್ದಳು. ಕೊನೆಗೆ, "ಅವತ್ತೇ ಹೇಳಿದ್ರೆ ನಾನೇನು ಬೈತಿದ್ನಾ?" ಅಂದಳು. ಬೈದಿದ್ದರೆ ಸಹಿಸಬಹುದಿತ್ತು.

ಅರ್ಧ ಕಟ್ಟಿ ಸೆಟಲ್ಮೆಂಟ್ ಮಾಡಿಕೊಳ್ಳಿ ಎಂದು ವಸೂಲಿಯವರು ಹೇಳುತ್ತಿದ್ದರು. ಆಸೆಯಾಯಿತು. ಆದರೆ ಹಾಗೆ ಮುಗಿಸಿದರೆ ಅಕ್ಕನ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬೀಳುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ತೀರಿಸದ ಸಾಲವೆಂದೇ ಓದುತ್ತಾರೆ. ಉಳಿಯುವ ದುಡ್ಡು ನನ್ನದು, ಕಲೆ ಅವಳದು. ನನ್ನ ನಾಲ್ಕು ಬಳೆ, ಒಂದು ಸರ ಅಡವಿಟ್ಟೆ. ತಿಂಗಳಿಗೆ ಒಂದು ಪರ್ಸೆಂಟಿಗೆ ಸಿಕ್ಕ ಆ ದುಡ್ಡಿನಿಂದ ಕಾರ್ಡಿನ ಬಾಕಿ ಪೂರ್ತಿ ತೀರಿಸಿ, ಕಾರ್ಡು ಮುಚ್ಚಿಸಿದೆವು. ಬಾಕಿ ಇಲ್ಲವೆಂಬ ಪತ್ರ ಅಕ್ಕನ ಹೆಸರಿಗೆ ಬಂತು. ಇ-ಮೇಲ್‌ನ ಪಾಸ್‌ವರ್ಡ್ ಅವಳ ಕೈಯಿಂದಲೇ ಬದಲು ಮಾಡಿಸಿದೆ.

ಸ್ಕೋರ್ ಮೇಲೇಳಲು ತಿಂಗಳುಗಳೇ ಹಿಡಿದವು. ಅಕ್ಕನಿಗೆ 20 ಲಕ್ಷದ ಮನೆ ಸಾಲ ಸಿಕ್ಕಿತು, ಅವಳ ಸಹೋದ್ಯೋಗಿಗೆ ಸಿಕ್ಕಿದ್ದಕ್ಕಿಂತ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗೆ. ಅದರಿಂದ ಕಂತಿನಲ್ಲಿ ಸುಮಾರು 640 ರೂಪಾಯಿ ವ್ಯತ್ಯಾಸ. ಪ್ರತಿ ತಿಂಗಳು 5ನೇ ತಾರೀಖು ಅಷ್ಟನ್ನು ಅವಳ ಖಾತೆಗೆ ಹಾಕುತ್ತೇನೆ. ಕೆಲವು ತಿಂಗಳು ಅವಳು ವಾಪಸ್ ಕಳಿಸುತ್ತಾಳೆ. ನಾನು ಮತ್ತೆ ಹಾಕುತ್ತೇನೆ.