ವಿಭಜನೆ ಎಂಬ ಶೋಧನ ವಿಧಾನ: ಕನ್ನಡ ಲಿಪಿಯ ಯಾಂತ್ರೀಕರಣವನ್ನು ಅನುಲಕ್ಷಿಸಿ

ಇಡಿಯಾಗಿ ನಿಭಾಯಿಸಲಾಗದ ವ್ಯವಸ್ಥೆಯನ್ನು ಬಿಡಿಗಳಾಗಿ ಒಡೆದು ನೋಡುವುದು ಶಾಸ್ತ್ರಚಿಂತನೆಯ ಹಳೆಯ ಕ್ರಮ. ವ್ಯಾಕರಣವೆಂಬುದೇ ಇಂತಹ ವಿಭಜನೆಯ ಫಲ. ಇಪ್ಪತ್ತನೆಯ ಶತಮಾನದಲ್ಲಿ ಸೋವಿಯತ್ ಒಕ್ಕೂಟದ ಗೆನ್ರಿಖ್ ಆಲ್ಟ್‌ಶುಲ್ಲರ್ (1926-1998) ತಾಂತ್ರಿಕ ಶೋಧಗಳನ್ನು ಪರಿಶೀಲಿಸಿ 40 ಶೋಧನ ಸೂತ್ರಗಳನ್ನು ಗುರುತಿಸಿದನು. ಅವುಗಳಲ್ಲಿ ಮೊದಲನೆಯದು ವಿಭಜನೆ. ವಸ್ತುವನ್ನು ಸ್ವತಂತ್ರ ಭಾಗಗಳಾಗಿ ಒಡೆಯುವುದು, ಬಿಡಿಸಿ ಜೋಡಿಸಲು ಬರುವಂತೆ ರೂಪಿಸುವುದು, ವಿಭಜನೆಯ ಪ್ರಮಾಣವನ್ನು ಹೆಚ್ಚಿಸುವುದು ಎಂಬ ಮೂರು ಸೂಚನೆಗಳು ಇದರಲ್ಲಿವೆ. ಈ ಸೂತ್ರದ ಬೆಳಕಿನಲ್ಲಿ ಕನ್ನಡ ಲಿಪಿಯ ಯಾಂತ್ರೀಕರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ಆಲ್ಟ್‌ಶುಲ್ಲರನ ದೃಷ್ಟಿಯಲ್ಲಿ ಶೋಧದ ಮೂಲ ಒಂದು ವಿರೋಧದಲ್ಲಿರುತ್ತದೆ. ಕನ್ನಡದ ಮಟ್ಟಿಗೆ ಆ ವಿರೋಧ ಸ್ಪಷ್ಟವಾಗಿದೆ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ಗುಣಿತಾಕ್ಷರಗಳಾಗುತ್ತವೆ. ಎರಡು ವ್ಯಂಜನಗಳ ಸಂಯುಕ್ತಾಕ್ಷರಗಳನ್ನು ಗುಣಿತಸಹಿತ ಲೆಕ್ಕ ಹಾಕಿದರೆ ತಾತ್ತ್ವಿಕವಾಗಿ 15,028 ರೂಪಗಳು ಸಾಧ್ಯ. ಇವೆಲ್ಲವೂ ಬಳಕೆಯಲ್ಲಿಲ್ಲವಾದರೂ ಯಾವುದು ಬೇಕಾಗುವುದೆಂದು ಮೊದಲೇ ಹೇಳಲಾಗದು. ಕೀಲಿಮಣೆಯಲ್ಲಾದರೋ ಇರುವುದು ಕೆಲವೇ ಹತ್ತು ಕೀಲಿಗಳು. ಅಕ್ಷರಗಳು ಅಸಂಖ್ಯವಾಗಿರಬೇಕು, ಕೀಲಿಗಳು ಮಿತವಾಗಿರಬೇಕು ಎಂಬ ಈ ವಿರೋಧವನ್ನು ಅಕ್ಷರವನ್ನು ಒಡೆಯದೆ ಪರಿಹರಿಸಲು ಸಾಧ್ಯವಿರಲಿಲ್ಲ.

ಆಕಾರದ ವಿಭಜನೆ

ಮೊದಲ ಪರಿಹಾರ ಕಣ್ಣಿಗೆ ಕಾಣುವ ಆಕಾರವನ್ನು ಅನುಸರಿಸಿತು. ಅಕ್ಷರದ ಒಡಲು, ತಲೆಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ, ಒತ್ತು ಎಂದು ಅಕ್ಷರವನ್ನು ತುಂಡರಿಸಿ, ಒಂದೊಂದನ್ನೂ ಪಕ್ಕದಲ್ಲಿಯೋ ಕೆಳಗೋ ಕೂರಿಸಲಾಯಿತು. ಆರಂಭದ ಗಣಕ ಫಾಂಟುಗಳೂ ಇದೇ ಜಾಡಿನಲ್ಲಿ ನಡೆದವು. ಮುದ್ರಣದ ದೃಷ್ಟಿಯಿಂದ ಇದು ಯಶಸ್ವಿ ಪರಿಹಾರವೇ ಸರಿ.

ಆದರೆ ಇಲ್ಲಿ ಉಳಿದುದು ಆಕಾರ ಮಾತ್ರ, ಅಕ್ಷರವಲ್ಲ. ನುಡಿ ತಂತ್ರಾಂಶದ ಹಳೆಯ ಫಾಂಟ್ ಸಂಕೇತಗಳಲ್ಲಿ 'ಮ' ಎಂಬುದಕ್ಕೆ ಸ್ವತಂತ್ರ ಸಂಕೇತವಿಲ್ಲ. ಅದು 'ವ'ಕಾರದ ಒಡಲು, ತಲೆಕಟ್ಟು ಮತ್ತು ಒಂದು ಕೊಂಡಿಯಾಗಿ ದಾಖಲಾಗುತ್ತದೆ. 'ಸೂರ್ಯ' ಶಬ್ದದಲ್ಲಿ ಉಚ್ಚಾರಣೆಯಲ್ಲಿ ಮೊದಲು ಬರುವ ರೇಫವು ಅರ್ಕಾವೊತ್ತಾಗಿ 'ಯ'ಕಾರದ ಅನಂತರ ದಾಖಲಾಗುತ್ತದೆ. ಓದುಗನಿಗೆ ಇದರಿಂದ ತೊಡಕಿಲ್ಲ. ಆದರೆ ಅಕಾರಾದಿ ಜೋಡಣೆ, ಪದಶೋಧ, ಪದಸೂಚಿ ಇವು ಯಾವುವೂ ನೇರವಾಗಿ ಸಾಧ್ಯವಾಗುವುದಿಲ್ಲ. ಈ ಬಗೆಯ ಕಡತಗಳು ಆಯಾ ಫಾಂಟ್ ಇಲ್ಲದೆಡೆ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ತೋರುವುದಕ್ಕೂ ಇದೇ ಕಾರಣ.

ಧ್ವನಿಯ ವಿಭಜನೆ

ಎರಡನೆಯ ಪರಿಹಾರ ಅಕ್ಷರವನ್ನು ಉಚ್ಚಾರಣೆಯ ಕ್ರಮದಲ್ಲಿ ಒಡೆಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಬಳಕೆದಾರನು ವ್ಯಂಜನವನ್ನೂ ಸ್ವರವನ್ನೂ ನುಡಿಯುವ ಕ್ರಮದಲ್ಲಿ ಒತ್ತುತ್ತಾನೆ. ಅವು ಕೂಡಿ ತಳೆಯಬೇಕಾದ ಆಕಾರವನ್ನು ತಂತ್ರಾಂಶ ನಿರ್ಣಯಿಸುತ್ತದೆ. 1991ರ ಭಾರತೀಯ ಲಿಪಿಸಂಕೇತ ಮಾನಕ ಇಸ್ಕಿ ಹಾಗೂ ಅದೇ ವರ್ಷ ಮೊದಲ ಆವೃತ್ತಿ ಕಂಡ ಯೂನಿಕೋಡ್‌ಗಳಲ್ಲಿ ದಾಖಲೆಯ ಕ್ರಮವೂ ಇದೇ. ಇಲ್ಲಿ ಒಡೆಯುವ ಸೂತ್ರದಷ್ಟೇ ಕೂಡಿಸುವ ಸೂತ್ರವೂ ಮುಖ್ಯವಾಗಿದೆ. ವೈಯಾಕರಣರು ವರ್ಣಗಳನ್ನು ಹೇಳಿದ ಬಳಿಕ ಸಂಧಿಯನ್ನು ಹೇಳಬೇಕಾಗಿ ಬಂದುದನ್ನು ಇದಕ್ಕೆ ಹೋಲಿಸಬಹುದು.

ಉಳಿದಿರುವ ಪ್ರಶ್ನೆ

ಹಾಗೆಂದು ಯೂನಿಕೋಡಿನ ವಿಭಜನೆ ಪೂರ್ಣವಾಗಿ ಧ್ವನಿಮೂಲವಾದುದಲ್ಲ. ವ್ಯಾಕರಣದಲ್ಲಿ 'ಕ್' ಮೂಲ. ಅದಕ್ಕೆ ಅಕಾರ ಸೇರಿ 'ಕ' ಆಗುತ್ತದೆ. ಯೂನಿಕೋಡಿನಲ್ಲಿ 'ಕ' ಒಂದೇ ಸಂಕೇತ. 'ಕ್' ಎಂಬುದಕ್ಕೆ 'ಕ' ಮತ್ತು ವಿರಾಮಚಿಹ್ನೆ ಎರಡೂ ಬೇಕು. ಇದರ ಪರಿಣಾಮ ಸಂಶೋಧನೆಯ ಮೇಲೂ ಆಗುತ್ತದೆ. 'ಊರು' ಎಂಬ ರೂಪವನ್ನು ಹಾಗೆಯೇ ಹುಡುಕಿದವನಿಗೆ 'ಊರಿಗೆ', 'ಊರಲ್ಲಿ' ಎಂಬ ರೂಪಗಳು ದೊರೆಯುವುದಿಲ್ಲ. 'ಊರು+ಅಲ್ಲಿ' ಲೋಪಸಂಧಿಯಿಂದ 'ಊರಲ್ಲಿ' ಆದಾಗ ಉಳಿದ ಅಕಾರಕ್ಕೆ ಪ್ರತ್ಯೇಕ ಸಂಕೇತವೇ ಇಲ್ಲ. ಇದನ್ನರಿಯದೆ ಸಿದ್ಧಪಡಿಸಿದ ಪದಾವೃತ್ತಿಯ ಲೆಕ್ಕ ತಪ್ಪು ನಿರ್ಣಯಗಳಿಗೆ ದಾರಿ ಮಾಡುತ್ತದೆ.

ಬಿಡಿಗಳ ಪಟ್ಟಿಯನ್ನು ಯಾರು ಸಿದ್ಧಪಡಿಸುತ್ತಾರೆಂಬುದೂ ವಿಚಾರಾರ್ಹ. ಹಳಗನ್ನಡದ 'ೞ'ಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಅದರ ಅಧಿಕೃತ ಹೆಸರು 'ಫ' ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸದಿರುವುದು ಅಲ್ಲಿನ ನಿಯಮವಾದ್ದರಿಂದ ತಪ್ಪನ್ನು ಟಿಪ್ಪಣಿಯಲ್ಲಿ ಸೂಚಿಸಲಾಗಿದೆಯಷ್ಟೆ. ಹಳಗನ್ನಡದ ನಕಾರಪೊಲ್ಲು ಪ್ರತ್ಯೇಕ ಸ್ಥಾನ ಪಡೆದುದು 2021ರಲ್ಲಿ.

ಒಟ್ಟಿನಲ್ಲಿ, ವಿಭಜನೆ ಸಮಸ್ಯೆಯನ್ನು ಬಿಡಿಸುವುದು ನಿಜ. ಆದರೆ ಎಲ್ಲಿ ಒಡೆಯಬೇಕೆಂಬುದು ಉದ್ದೇಶವನ್ನು ಅವಲಂಬಿಸಿದೆ. ಮುದ್ರಣಕ್ಕೆ ಆಕಾರದ ವಿಭಜನೆ, ದಾಖಲೆಗೆ ಉಚ್ಚಾರಣಾಕ್ರಮದ ವಿಭಜನೆ, ಭಾಷಾಧ್ಯಯನಕ್ಕೆ ವರ್ಣ ಮತ್ತು ಪ್ರತ್ಯಯಗಳ ವಿಭಜನೆ ಸಲ್ಲುತ್ತವೆ. ಮೊದಲೆರಡನ್ನು ತಂತ್ರಜ್ಞರು ಸಾಧಿಸಿದ್ದಾರೆ. ಮೂರನೆಯದು ವ್ಯಾಕರಣಜ್ಞಾನವಿಲ್ಲದೆ ಆಗುವಂಥದಲ್ಲ. ಆ ಹೊಣೆ ಕನ್ನಡ ವಿದ್ವಾಂಸರದೂ ಆಗಿದೆ.