ಬೀಡಿಯ ಎರಡು ಹೊಗೆಗಳು

ಮುಂಜಾನೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಕೋಣೆಯಲ್ಲಿ ಯಾರಾದರೂ ಬೀಡಿಯನ್ನೋ ಸಿಗರೇಟನ್ನೋ ಸೇದುತ್ತ ಕುಳಿತಿದ್ದರೆ, ದೂರದಲ್ಲಿ ನಿಂತೇ ಒಂದು ಸಂಗತಿಯನ್ನು ಗಮನಿಸಬಹುದು. ಬೆರಳುಗಳ ನಡುವೆ ಸುಮ್ಮನೆ ಉರಿಯುತ್ತಿರುವ ತುದಿಯಿಂದ ಏಳುವ ಹೊಗೆಯ ಎಳೆ ನಸುನೀಲಿಯಾಗಿರುತ್ತದೆ. ಸೇದುವವನ ಬಾಯಿಂದ ಹೊರಬರುವ ಹೊಗೆಯಾದರೋ ಬೂದುಬಿಳುಪು. ಸುಡುತ್ತಿರುವ ಸೊಪ್ಪು ಒಂದೇ, ಬೆಂಕಿಯೂ ಒಂದೇ. ಹಾಗಿದ್ದರೂ ಹೊಗೆಗೆ ಎರಡು ಬಣ್ಣಗಳೇಕೆ?

ಕಾರಣ ಹೊಗೆಯ ಕಣಗಳ ಗಾತ್ರದಲ್ಲಿದೆ. ಹೊಗೆಯೆಂಬುದು ಬರಿಯ ಅನಿಲವಲ್ಲ. ಅನಿಲದಲ್ಲಿ ತೇಲುವ ಕೋಟ್ಯಂತರ ಸೂಕ್ಷ್ಮ ಹನಿಗಳ ಸಮೂಹ. ಉರಿಯುವ ತುದಿಯಿಂದ ಆಗತಾನೆ ಹೊರಟ ಹನಿಗಳಲ್ಲಿ ಬಹುಪಾಲು ಬೆಳಕಿನ ಅಲೆಯ ಉದ್ದಕ್ಕಿಂತ ಚಿಕ್ಕವು. ಅಷ್ಟು ಚಿಕ್ಕ ಕಣಗಳು ಕೆಂಪು ಬೆಳಕಿಗಿಂತ ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುತ್ತವೆ. ಆಕಾಶವು ನೀಲಿಯಾಗಿ ಕಾಣುವುದಕ್ಕೆ ಇಂತಹ ಚದರಿಕೆಯೇ ಕಾರಣವೆಂದು, ಮುಂದೆ ಲಾರ್ಡ್ ರ‍್ಯಾಲೆ ಎಂದು ಹೆಸರಾದ ಆಂಗ್ಲ ವಿಜ್ಞಾನಿ 1871ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ಅಲ್ಲಿ ಚದರಿಸುವವು ಗಾಳಿಯ ಅಣುಗಳು, ಇಲ್ಲಿ ಹೊಗೆಯ ಕಣಗಳು, ಅಷ್ಟೇ ವ್ಯತ್ಯಾಸ. ಸೇದಿ ಬಿಟ್ಟ ಹೊಗೆಯಾದರೋ ಬಾಯಿ, ಗಂಟಲು, ಶ್ವಾಸಕೋಶಗಳ ತೇವದಲ್ಲಿ ಸುತ್ತಿ ಬಂದದ್ದು. ಅದರ ಕಣಗಳು ನೀರಾವಿಯನ್ನು ಹೀರಿ, ಒಂದಕ್ಕೊಂದು ಕೂಡಿ ದಪ್ಪನಾಗಿರುತ್ತವೆ. ದಪ್ಪ ಕಣಗಳು ಎಲ್ಲ ಬಣ್ಣಗಳನ್ನೂ ಸರಿಸುಮಾರು ಸಮವಾಗಿ ಚದರಿಸುವುದರಿಂದ ಮೋಡದಂತೆ ಬೆಳ್ಳಗೆ ಕಾಣುತ್ತವೆ.

ಬಣ್ಣದ ಈ ಭೇದವು ಕೇವಲ ಕುತೂಹಲದ ವಿಷಯವಲ್ಲ. ಬಿಳಿಯ ಹೊಗೆ ತನ್ನ ಹೊರೆಯ ದೊಡ್ಡ ಭಾಗವನ್ನು ಸೇದುವವನ ಎದೆಯಲ್ಲಿ ಇಳಿಸಿ ಬಂದಿರುತ್ತದೆ. ನೀಲಿಯ ಹೊಗೆ ಯಾರ ಎದೆಯನ್ನೂ ಹೊಕ್ಕಿಲ್ಲ. ಅದು ನೇರವಾಗಿ ಕೋಣೆಗೆ ಸೇರುತ್ತದೆ. ಸಿಗರೇಟು ಸೇದುವವರಿರುವ ಕೋಣೆಯ ಹೊಗೆಯಲ್ಲಿ ನೂರಕ್ಕೆ 85ರಷ್ಟು ಈ ನೀಲಿಯ ಹೊಗೆಯೇ ಎಂದು ಅಳೆದವರು ಹೇಳುತ್ತಾರೆ. ಅದು ಹುಟ್ಟುವ ರೀತಿಯೂ ಬೇರೆ. ಸೇದುವವನು ಉಸಿರೆಳೆದಾಗ ಗಾಳಿ ನುಗ್ಗಿ ಕೆಂಡದ ಉಷ್ಣತೆ ಸುಮಾರು 900 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಎಳೆಯದೆ ಬಿಟ್ಟಾಗ ಅದು 600 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬೆಂಕಿ ತಣ್ಣಗಾದಾಗ, ಆಮ್ಲಜನಕ ಸಾಲದಾದಾಗ ದಹನ ಅರ್ಧಂಬರ್ಧವಾಗುವುದು ಅಡುಗೆಯ ಒಲೆಯನ್ನು ಕಂಡವರೆಲ್ಲರಿಗೂ ತಿಳಿದ ಮಾತು. ಆದಕಾರಣ ಸುಟ್ಟ ಸೊಪ್ಪಿನ ತೂಕಕ್ಕೆ ಹೋಲಿಸಿ ನೋಡಿದರೆ, ನೀಲಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಅಮೋನಿಯ ಮತ್ತು ಕ್ಯಾನ್ಸರ್ ಉಂಟುಮಾಡಬಲ್ಲ ಕೆಲವು ವಸ್ತುಗಳು ಹೆಚ್ಚಾಗಿಯೇ ಇರುತ್ತವೆ. ಕೋಣೆಯ ಗಾಳಿಯಲ್ಲಿ ಬೆರೆತು ತೆಳುವಾಗುತ್ತವೆಂಬುದು ನಿಜ. ಆದರೆ ಆ ಗಾಳಿಯನ್ನು ಅಲ್ಲಿರುವವರು ಬೀಡಿ ಆರಿದ ಮೇಲೆಯೂ ಉಸಿರಾಡುತ್ತಲೇ ಇರುತ್ತಾರೆ.

ಬಿಳಿಯ ಹೊಗೆಯ ಲೆಕ್ಕವನ್ನು ವಿಜ್ಞಾನಿಗಳು ಮೊದಲು ಮಾಡಿದರು. 1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬಿಬ್ಬರು, ಲಂಡನ್ನಿನ ಆಸ್ಪತ್ರೆಗಳಲ್ಲಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಇತರ ರೋಗಿಗಳೊಡನೆ ಹೋಲಿಸಿ, ಧೂಮಪಾನಕ್ಕೂ ಆ ರೋಗಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಮೋಟಾರು ಬಂಡಿಗಳ ಹೊಗೆಯೋ ರಸ್ತೆಯ ಡಾಂಬರೋ ಕಾರಣವಿರಬೇಕೆಂದು ಡಾಲ್ ಮೊದಲು ಊಹಿಸಿದ್ದನು. ಅಂಕಿಗಳು ಬೇರೆಯ ಕಡೆಗೆ ಬೆರಳು ತೋರಿಸಿದುವು. ಆತನು ತಾನೇ ಸಿಗರೇಟು ಸೇದುತ್ತಿದ್ದವನು. ಲೆಕ್ಕ ಮುಗಿಯುವ ಮೊದಲೇ ಬಿಟ್ಟುಬಿಟ್ಟನು! 1951ರಲ್ಲಿ ಅವರಿಬ್ಬರೂ ಬ್ರಿಟನ್ನಿನ ಸುಮಾರು 40,000 ವೈದ್ಯರ ಅಭ್ಯಾಸಗಳನ್ನು ಬರೆದುಕೊಂಡು, ಅವರ ಜೀವನವನ್ನು ಹಿಂಬಾಲಿಸತೊಡಗಿದರು. ಐವತ್ತು ವರ್ಷಗಳ ಲೆಕ್ಕ 2004ರಲ್ಲಿ ಹೊರಬಂದಿತು. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಅರುವತ್ತನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಆ ಹತ್ತರಲ್ಲಿ ಮೂರು ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ಆರು, ನಲವತ್ತರಲ್ಲಿ ಬಿಟ್ಟವರಿಗೆ ಒಂಬತ್ತು ವರ್ಷ ಹಿಂದಕ್ಕೆ ದೊರೆತಿದ್ದುವು.

ನೀಲಿಯ ಹೊಗೆಯ ಸರದಿ ಬಂದದ್ದು ತಡವಾಗಿ. ಜಪಾನಿನ ತಕೇಶಿ ಹಿರಾಯಾಮ ಎಂಬವರು ತಾವು ಎಂದೂ ಸೇದದ 91,540 ಗೃಹಿಣಿಯರನ್ನು ಹದಿನಾಲ್ಕು ವರ್ಷಗಳ ಕಾಲ ಗಮನಿಸಿ 1981ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುವ ಗಂಡಂದಿರ ಹೆಂಡತಿಯರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ, ಸೇದದವರ ಹೆಂಡತಿಯರಲ್ಲಿ ಇದ್ದುದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟಿತ್ತು. ಈ ವರದಿಯ ಮೇಲೆ ತಂಬಾಕಿನ ವ್ಯಾಪಾರಿಗಳು ಸಾಕಷ್ಟು ಗದ್ದಲವೆಬ್ಬಿಸಿದರು. ಮುಂದೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳು ಹಿರಾಯಾಮರ ಮಾತನ್ನೇ ಎತ್ತಿಹಿಡಿದುವು.

ನಮ್ಮ ದೇಶದಲ್ಲಿ 2016-17ರಲ್ಲಿ ನಡೆದ ಸಮೀಕ್ಷೆಯ ಎರಡು ಅಂಕಿಗಳನ್ನು ಇಲ್ಲಿ ಜೊತೆಯಾಗಿ ಇಟ್ಟು ನೋಡಬೇಕು. ವಯಸ್ಕರಲ್ಲಿ ಹೊಗೆ ಸೇದುವವರು ನೂರಕ್ಕೆ 10.7. ತಮ್ಮ ಮನೆಯೊಳಗೆ ಆ ಹೊಗೆಗೆ ಒಡ್ಡಿಕೊಂಡವರು ನೂರಕ್ಕೆ 38.7. ಸಾರ್ವಜನಿಕ ಸ್ಥಳಗಳಲ್ಲಿ ಸೇದಕೂಡದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ಬಿಗಿಯಾಗಿ ಜಾರಿಗೆ ಬಂದಿದೆ. ಆದರೆ ಮನೆಯ ಹೊಸ್ತಿಲು ದಾಟಿ ಆ ನಿಯಮ ಒಳಗೆ ಬರುವುದಿಲ್ಲ.

ಈ ಹೊಸ್ತಿಲ ಒಳಗಿನ ವಿಷಯ ನನಗೆ ಸ್ವಲ್ಪ ತಿಳಿದದ್ದು. ನಾನು ಬೆಳೆದದ್ದು ಹಳೆಯ ಮೈಸೂರು ಸೀಮೆಯ ಒಂದು ಹೆಂಚಿನ ಮನೆಯಲ್ಲಿ. ಅಜ್ಜ, ತಂದೆ, ಚಿಕ್ಕಪ್ಪ ಮೂವರೂ ಬೀಡಿ ಸೇದುತ್ತಿದ್ದರು. ಬೆಳಗಿನ ಜಾವ ಮನೆಯನ್ನು ಎಬ್ಬಿಸುತ್ತಿದ್ದದ್ದು ಕೋಳಿಯಲ್ಲ, ಅಜ್ಜನವರ ಕೆಮ್ಮು. ಮುದುಕರಿಗೆ ಕೆಮ್ಮು ಸಹಜವೆಂದೇ ನಾವು ಮಕ್ಕಳು ತಿಳಿದಿದ್ದೆವು. ಶ್ವಾಸನಾಳಗಳ ಒಳಮೈಯಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳಿವೆ. ಗದ್ದೆಯ ಪೈರು ಗಾಳಿಗೆ ಬಾಗುವಂತೆ ಒಂದೇ ಸಮನೆ ಅಲುಗಾಡುತ್ತ ಅವು ಕಫವನ್ನೂ ಧೂಳನ್ನೂ ಮೇಲಕ್ಕೆ ಸಾಗಿಸುತ್ತವೆ. ಹೊಗೆ ತಾಗಿದಾಗ ಅವು ಸ್ತಬ್ಧವಾಗುತ್ತವೆ. ಬೀಡಿಯಿಲ್ಲದ ರಾತ್ರಿಯ ಹೊತ್ತಿನಲ್ಲಿ ಉಳಿದಷ್ಟು ಎಳೆಗಳು ಚೇತರಿಸಿಕೊಂಡು ಹಿಂದಿನ ದಿನದ ಕಸವನ್ನು ಗುಡಿಸತೊಡಗುತ್ತವೆ. ಅಜ್ಜನವರ ಕೆಮ್ಮು ಆ ಗುಡಿಸುವಿಕೆಯ ಸದ್ದು.

ತಂಗಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಉಬ್ಬಸ ಕಾಣಿಸಿಕೊಂಡಿತು. ಮಳೆಗಾಲದಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿದಾಗಲೇ ಅದು ಹೆಚ್ಚುತ್ತಿದ್ದುದರಿಂದ ಶೀತವೇ ಕಾರಣವೆಂದು ಎಲ್ಲರೂ ನಂಬಿದ್ದರು. ತಾಲ್ಲೂಕು ಊರಿನ ವೈದ್ಯರು ಎದೆಗೆ ಕೊಳವೆಯಿಟ್ಟು ನೋಡಿ, "ಮನೆಯಲ್ಲಿ ಬೀಡಿ ಸೇದುವವರು ಯಾರಮ್ಮ?" ಎಂದು ತಾಯಿಯವರನ್ನು ಕೇಳಿದರು. ತಾಯಿ ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಂದೆಯವರ ಕಡೆಗೂ ನೋಡಲಿಲ್ಲ. ತಂದೆಯವರೇ, "ನಾನು, ಸ್ವಾಮಿ" ಎಂದರು.

ಮಗುವಿಗೆ ಹೊಗೆಯ ಪಾಲು ಹೆಚ್ಚಾಗಿ ಸೇರುವುದೇಕೆ? ಮೈತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ಅದರ ಶ್ವಾಸನಾಳಗಳು ಇಕ್ಕಟ್ಟಾದವು, ಇನ್ನೂ ಬೆಳೆಯುತ್ತಿರುವವು. ಬೇಸರವಾಯಿತೆಂದು ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವೂ ಅದಕ್ಕಿಲ್ಲ. ಶರೀರದೊಳಗೆ ನಿಕೋಟಿನ್ ಒಡೆದು ಕೋಟಿನಿನ್ ಎಂಬ ವಸ್ತುವಾಗುತ್ತದೆ. ಸೇದುವವರ ಮನೆಯ ಮಕ್ಕಳ ಎಂಜಲಿನಲ್ಲಿಯೂ ಮೂತ್ರದಲ್ಲಿಯೂ ಅದನ್ನು ಅಳೆಯಬಹುದು. ಉಬ್ಬಸ, ನ್ಯುಮೋನಿಯ, ಕಿವಿಯ ಸೋಂಕು ಇಂತಹ ಮಕ್ಕಳಲ್ಲಿ ಹೆಚ್ಚು. ಅಪಾಯವಿಲ್ಲದಷ್ಟು ಅಲ್ಪವಾದ ಹೊಗೆ ಎಂಬುದೊಂದಿಲ್ಲವೆಂದು ಅಮೆರಿಕದ ಸರ್ಜನ್ ಜನರಲ್‌ರ 2006ರ ವರದಿ ಹೇಳಿದೆ.

ಆ ದಿನದಿಂದ ತಂದೆಯವರು ಜಗಲಿಗೆ ಹೋಗಿ ಸೇದತೊಡಗಿದರು. ಗಾಳಿ ಬೀಸಿದರೆ ಹೊಗೆ ಬಾಗಿಲಿನಿಂದ ಒಳಕ್ಕೇ ಬರುತ್ತಿತ್ತು. ಕಡೆಗೆ ಬಿಡುವುದೆಂದು ನಿಶ್ಚಯಿಸಿದರು. ಬಿಡಲಾರದವರನ್ನು ಮನಸ್ಸಿನ ದಾರ್ಢ್ಯವಿಲ್ಲದವರೆಂದು ಹಳಿಯುವ ಮೊದಲು ನಿಕೋಟಿನ್ ಮಾಡುವ ಕೆಲಸವನ್ನು ತಿಳಿಯಬೇಕು.

ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅದನ್ನು ಇಲ್ಲಿಂದಲೇ ಉತ್ತರದ ಆಸ್ಥಾನಕ್ಕೆ ಒಯ್ದನು. ಅಕ್ಬರನು ಕುತೂಹಲದಿಂದ ಸೇದಿನೋಡಿದಾಗ ಅವನ ವೈದ್ಯನು ತಡೆದನೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಆ ಸೊಪ್ಪಿನ ಸಾರವಾದ ನಿಕೋಟಿನ್ನನ್ನು 1828ರಲ್ಲಿ ಜರ್ಮನಿಯ ಪೊಸೆಲ್ಟ್ ಮತ್ತು ರೈಮನ್ ಬೇರ್ಪಡಿಸಿದರು. ಸೇದಿದ ಹೊಗೆಯಲ್ಲಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ನರಕೋಶಗಳು ಪರಸ್ಪರ ಸುದ್ದಿ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ವಸ್ತುವಿಗಾಗಿ ಇರುವ ಗ್ರಾಹಕಗಳಲ್ಲಿ, ಬೀಗಕ್ಕೆ ಕಳ್ಳ ಕೀಲಿಯಂತೆ, ತಾನು ಹೊಕ್ಕು ಕೂರುತ್ತದೆ. ಆಗ ಡೋಪಮೀನ್ ಬಿಡುಗಡೆಯಾಗಿ ಹಿತವೆನಿಸುತ್ತದೆ. ದಿನದಿನವೂ ಹೀಗಾದರೆ ಮಿದುಳು ಅಂತಹ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬರಿದಾದ ಗ್ರಾಹಕಗಳು ತಹತಹವನ್ನೆಬ್ಬಿಸುತ್ತವೆ. ಮುಂದಿನ ಬೀಡಿ ಕೊಡುವ ಸುಖದಲ್ಲಿ ಹೆಚ್ಚಿನ ಪಾಲು ಆ ತಹತಹ ಅಡಗಿದ ಸುಖವೇ. ನಿಮ್ಮ ವಯಸ್ಸಿನವರ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ ಈ ಬದಲಾವಣೆ ಅಲ್ಲಿ ಬೇಗನೆ ಬೇರೂರುತ್ತದೆ. ಸೇದುವ ಹಿರಿಯರ ಮನೆಯ ಮಕ್ಕಳು ತಾವೂ ಸೇದಲು ಕಲಿಯುವುದು ಇತರರಿಗಿಂತ ಹೆಚ್ಚೆಂಬುದನ್ನೂ ಇದರೊಡನೆ ಸೇರಿಸಿ ನೋಡಿರಿ.

ತಂದೆಯವರ ಮೊದಲನೆಯ ಪ್ರಯತ್ನ ನಾಲ್ಕು ದಿನ ನಿಂತಿತು. ಎರಡನೆಯ, ಮೂರನೆಯ ದಿನಗಳೇ ಅತ್ಯಂತ ಕಠಿನ. ಮಜ್ಜಿಗೆಗೆ ಉಪ್ಪು ಹೆಚ್ಚಾಯಿತೆಂದು ಆ ಶಾಂತ ಮನುಷ್ಯರು ಲೋಟ ಎಸೆದದ್ದನ್ನು ನಾವು ಕಂಡೆವು. ಎರಡನೆಯ ಪ್ರಯತ್ನ ಎರಡು ತಿಂಗಳು ನಡೆದು, ಮದುವೆಯೊಂದರ ಬೀಗರೂಟದ ಮರುದಿನ ಮುರಿಯಿತು. ಶರೀರದ ತಹತಹ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತದೆ. ಆದರೆ ಕಾಫಿ, ಊಟ, ಹರಟೆ, ಗೆಳೆಯನ ಬೆಂಕಿಪೊಟ್ಟಣ ಇವುಗಳೊಡನೆ ವರ್ಷಗಳಿಂದ ಹೆಣೆದುಕೊಂಡ ನೆನಪು ಅಷ್ಟು ಬೇಗ ಸಡಿಲವಾಗದು. ಮೂರನೆಯ ಸಲ ಅವರು ಹಠವನ್ನು ನೆಚ್ಚದೆ ಉಪಾಯವನ್ನು ನೆಚ್ಚಿದರು. ಬೆಳಗಿನ ಕಾಫಿಯನ್ನು ಜಗಲಿಯ ಬದಲು ಅಡುಗೆಮನೆಯಲ್ಲಿ ನಿಂತೇ ಕುಡಿದರು; ಊಟವಾದೊಡನೆ ಕೆರೆಯ ಏರಿಯ ಮೇಲೆ ನಡೆದರು; ಜೇಬಿನಲ್ಲಿ ಬೀಡಿಯ ಕಟ್ಟಿದ್ದ ಜಾಗದಲ್ಲಿ ಏಲಕ್ಕಿಯನ್ನಿಟ್ಟುಕೊಂಡರು. ಆ ಸಲ ನಿಂತಿತು. ಆಗ ಅವರಿಗೆ ನಲವತ್ತೈದು. ಅಜ್ಜನವರು ಕಡೆಯವರೆಗೂ ಬಿಡಲಿಲ್ಲ. ಚಿಕ್ಕಪ್ಪ ಬೀಡಿ ಬಿಟ್ಟು ಕಡ್ಡಿಪುಡಿ ಹಿಡಿದರು. ಹೊಗೆಯೇನೋ ತಪ್ಪಿತು, ನಿಕೋಟಿನ್ ತಪ್ಪಲಿಲ್ಲ, ಬಾಯಿಯ ಕ್ಯಾನ್ಸರಿನ ಭಯ ಹೊಸದಾಗಿ ಸೇರಿತು.

ಈಗ ಬಿಡಬಯಸುವವರಿಗೆ ಸಹಾಯ ಹೆಚ್ಚಿದೆ. ನಿಕೋಟಿನ್ ಬೆರೆತ ಚೂಯಿಂಗ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿ, ಹೊಗೆಯ ಸಾವಿರಾರು ಇತರ ವಸ್ತುಗಳಿಲ್ಲದೆ ನಿಕೋಟಿನ್ನನ್ನು ನಿಧಾನವಾಗಿ ಕೊಟ್ಟು ತಹತಹವನ್ನು ತಗ್ಗಿಸುತ್ತದೆ. ವೈದ್ಯರು ಬರೆದುಕೊಡುವ ಮಾತ್ರೆಗಳೂ ಉಂಟು. 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ಬೀಡಿ, ಸಿಗರೇಟುಗಳ ಪೊಟ್ಟಣದ ಮೇಲೆಯೇ ಆ ಸಂಖ್ಯೆ ಅಚ್ಚಾಗಿರುತ್ತದೆ. ಬಿಟ್ಟ ಒಂದೆರಡು ದಿನಗಳಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಶ್ವಾಸನಾಳದ ಎಳೆಗಳು ಕೆಲಸಕ್ಕೆ ಮರಳುತ್ತವೆ. ಆಗ ಕೆಮ್ಮು ಕೆಲದಿನ ಹೆಚ್ಚಿದರೂ ಹೆದರಬೇಕಾಗಿಲ್ಲ. ಒಂದು ವರ್ಷದ ಹೊತ್ತಿಗೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ.

ತಂಗಿಯ ಉಬ್ಬಸ ಪೂರ್ತಿ ಹೋಗಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಎದ್ದು ಕೂರುವುದು ಮಾತ್ರ ಬಹಳ ಕಡಿಮೆಯಾಯಿತು. ಹೊಗೆ ನಿಂತರೂ ಅದರ ಶೇಷ ಮನೆಯಲ್ಲಿ ಬಹುಕಾಲ ಇರುತ್ತದೆ. ಗೋಡೆ, ಬಟ್ಟೆ, ಹಾಸಿಗೆಗಳಿಗೆ ಅಂಟಿದ ನಿಕೋಟಿನ್, ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್ ತರಬಲ್ಲ ನೈಟ್ರೊಸಮೀನುಗಳಾಗುತ್ತದೆಂದು ಅಮೆರಿಕದ ಬರ್ಕ್ಲಿಯ ಪ್ರಯೋಗಶಾಲೆಯವರು 2010ರಲ್ಲಿ ತೋರಿಸಿದರು. ಅಜ್ಜನವರು ಒರಗಿ ಕೂರುತ್ತಿದ್ದ ಮೂಲೆಗೆ ಅವರು ತೀರಿಕೊಂಡ ವರ್ಷ ಎರಡು ಸಲ ಸುಣ್ಣ ಬಳಿಸಿದೆವು; ಎರಡು ಸಲವೂ, ಮಳೆ ಹಿಡಿದು ಗೋಡೆ ತೇವವಾದೊಡನೆ, ತಲೆಯ ಎತ್ತರಕ್ಕೆ ಹಳದಿಯ ಕಲೆ ಮತ್ತೆ ಮೇಲೆದ್ದಿತು.