ಫಲಿತಾಂಶ ಬರುವ ಮೊದಲೇ 371ಜೆ ಪ್ರಮಾಣಪತ್ರ ಕೈಯಲ್ಲಿರಲಿ

ಪಿಯುಸಿ ಓದುವ ಮಕ್ಕಳಿರುವ ಮನೆಯಲ್ಲಿ ಟಿವಿ ಹಚ್ಚುವುದಿಲ್ಲ, ಮದುವೆ-ಮುಂಜಿಗೂ ಹೋಗುವುದಿಲ್ಲ. ಇಷ್ಟೆಲ್ಲ ಬಿಗಿ ಮಾಡುವ ಪಾಲಕರೇ ಕಾಗದಪತ್ರದ ಕೆಲಸವನ್ನು ಮಾತ್ರ 'ರ್‍ಯಾಂಕ್ ಬಂದ ಮೇಲೆ ನೋಡೋಣ' ಎಂದು ಬಿಟ್ಟಿರುತ್ತಾರೆ. ರಾಯಚೂರು, ದೇವದುರ್ಗ, ಮಾನ್ವಿಯ ಮಕ್ಕಳಿಗೆ ಈ ತಡ ಬಹಳ ದುಬಾರಿ.

2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಹುಟ್ಟಿನಿಂದಲೋ ಕಾಯಂ ವಾಸದಿಂದಲೋ ಕಲ್ಯಾಣ ಕರ್ನಾಟಕದವರಾದ ವಿದ್ಯಾರ್ಥಿಗಳಿಗೆ ಸೀಟು ಕಾಯ್ದಿರಿಸಲು ಅದು ದಾರಿ ಮಾಡಿತು. 2013ರ ರಾಜ್ಯ ಸರ್ಕಾರದ ಪ್ರವೇಶ ಆದೇಶದಂತೆ ನಮ್ಮ ಭಾಗದ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ ಶೇ. 70ರಷ್ಟು, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ಈ ಭಾಗದವರಿಗೆ. ಅಂದರೆ ರಾಯಚೂರಿನ ವೈದ್ಯಕೀಯ ಕಾಲೇಜು ರಿಮ್ಸ್‌ನಲ್ಲಷ್ಟೇ ಅಲ್ಲ, ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲೂ ನಿಮ್ಮ ಮಗಳಿಗೆ ಪಾಲಿದೆ. ಜಾತಿವಾರು ಮೀಸಲಾತಿಯನ್ನು ಇದು ಕಸಿಯುವುದಿಲ್ಲ, ಅದರ ಜತೆಗೇ ನಡೆಯುತ್ತದೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರಡಿಸುವ ಕಟ್‌ಆಫ್ ಪಟ್ಟಿಯನ್ನು ಬಿಡಿಸಿ ನೋಡಿ. 'ಜಿಎಂ' (ಜನರಲ್ ಮೆರಿಟ್) ಜತೆಗೆ 'ಜಿಎಂಕೆ', 'ಜಿಎಂಆರ್', 'ಜಿಎಂಎಚ್' ಎಂಬ ಕಲಂಗಳಿರುತ್ತವೆ. 'ಎಚ್' ನಮ್ಮ ಭಾಗದ್ದು. ಹಲವು ಕಾಲೇಜುಗಳಲ್ಲಿ ಜಿಎಂಗೆ ಸಿಗದ ಸೀಟು ಎಚ್ ಕಲಂನಲ್ಲಿ ಸಿಕ್ಕಿರುತ್ತದೆ. ಸಹಾಯಕ ಆಯುಕ್ತರು ಕೊಟ್ಟ ಅರ್ಹತಾ ಪ್ರಮಾಣಪತ್ರ ಇಲ್ಲದಿದ್ದರೆ ಆ ಕಲಂ ನಿಮ್ಮ ಮಗುವಿನದಲ್ಲ. ಜನನ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ತಂದೆ-ತಾಯಿಯ ವಾಸದ ದಾಖಲೆ ಜೋಡಿಸಿ ಪ್ರಥಮ ಪಿಯುಸಿಯಲ್ಲೇ ಅರ್ಜಿ ಹಾಕಿಬಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೇ ಎಲ್ಲ ಕಾಗದದಲ್ಲೂ ಇರಬೇಕು. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾದರೂ ಪರಿಶೀಲನೆಯ ದಿನ ಒದ್ದಾಟ ತಪ್ಪದು.

'ಆರ್' ಗ್ರಾಮೀಣ, 'ಕೆ' ಕನ್ನಡ ಮಾಧ್ಯಮ. 1ರಿಂದ 10ನೇ ತರಗತಿವರೆಗೆ ಪೂರ್ತಿ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಪೂರ್ತಿ ಕನ್ನಡದಲ್ಲಿ ಓದಿದವರಿಗೆ ಶೇ. 5 ಸೀಟು ಮೀಸಲು. ಇದರ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಸ್ಥರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಬೇಕು. ಎರಡು ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಗೂ ಹೋಗಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ ಎಂಬುದು ನೆನಪಿರಲಿ.

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಕೇಳಿ ಪಡೆಯಿರಿ. ಅದರಲ್ಲಿನ ಅವಧಿ ಮೀರಿದರೆ ಮೇಲ್ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ಮೊತ್ತ ಸಣ್ಣದು, ಆದರೆ ಆ ಸ್ವೀಕೃತಿ ಕೈಯಲ್ಲಿದ್ದರೆ 'ನಾಳೆ ಬಾ' ಎನ್ನುವುದು ಸುಲಭವಲ್ಲ.

ಇನ್ನು ದುಡ್ಡಿನ ಮಾತು. ನಿಗದಿತ ಶುಲ್ಕದ ಮೇಲೆ ಡೊನೇಷನ್ ವಸೂಲಿ ಮಾಡುವುದು ಕರ್ನಾಟಕದಲ್ಲಿ 1984ರ ಕಾಯ್ದೆಯಡಿ ಅಪರಾಧ. ಪದವಿ ಕಾಲೇಜು ಸೇರಿ ಬಿಡುವವರಿಗೆ ಯುಜಿಸಿಯ 2018ರ ಸೂಚನೆ ಆಸರೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಗರಿಷ್ಠ 5,000 ರೂಪಾಯಿ ಕಳೆದು ಪೂರ್ತಿ ಶುಲ್ಕ ಹಿಂದಿರುಗಿಸಬೇಕು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವಂತಿಲ್ಲ. ಮೂಲ ದಾಖಲೆ ಒತ್ತೆಯಿಟ್ಟಂತೆ ಹಿಡಿದು ಮಕ್ಕಳನ್ನು ಕಟ್ಟಿಹಾಕುವುದು ಶುದ್ಧ ಅನ್ಯಾಯ. ಸುಮ್ಮನಿರಬೇಡಿ, ಲಿಖಿತವಾಗಿ ಕೇಳಿ. ಕೋಚಿಂಗ್ ಕೇಂದ್ರ 'ಸೀಟು ಗ್ಯಾರಂಟಿ' ಎಂದು ಜಾಹೀರಾತು ಕೊಟ್ಟು ವಂಚಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ನೀವು ಕಟ್ಟಿದ್ದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚಿಗೆ ಹಾಕಬಾರದು, ಗುರಿ ಮುಟ್ಟದವರನ್ನು ಎಲ್ಲರೆದುರು ಹೀಯಾಳಿಸಬಾರದು ಎಂದು ಸುಪ್ರೀಂ ಕೋರ್ಟ್ ಜುಲೈ 2025ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಕೋಚಿಂಗ್ ಕೇಂದ್ರ, ಹಾಸ್ಟೆಲ್‌ಗಳಿಗೂ ಇದು ಅನ್ವಯ. ಪಾಲಕರು ಮಕ್ಕಳಿಗೆ ಎರಡು ಮಾತು ಹೇಳಲೇಬೇಕು: ನೀಟ್ ಮತ್ತೆ ಬರೆಯಬಹುದು, ಮನೆ ನಿನ್ನದೇ. ಮಗು ಊಟ, ನಿದ್ದೆ, ಮಾತು ಬಿಟ್ಟಿದ್ದರೆ ತಡ ಮಾಡದೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು-ರಾತ್ರಿ, ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಕ್ಕು ಬಿಡಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ, ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ಬಿಳಿಹಾಳೆಯ ಅರ್ಜಿ ಸಾಕು. ಸಹಾಯವಾಣಿ 15100.